ಪಂಕ್ತಿಯಲ್ಲಿ ಒಂದೆಲಗ

ಆಗಿನ ಮದರಾಸಿನಲ್ಲಿ ಜನರ ಬಾಯಿ ಬಿಡಿಸಿ ಸಂಬಳ ತೆಗೆದುಕೊಳ್ಳುತ್ತಿದ್ದವರು ಎರಡೇ ಬಗೆ: ಒಂದು ಪೊಲೀಸರು, ಇನ್ನೊಂದು ನಾನು. ಪೊಲೀಸರಿಗೆ ಲಾಠಿ ಕೊಟ್ಟಿದ್ದರು. ನನಗೆ ಕೊಟ್ಟದ್ದು ಒಂದು ಟಾರ್ಚು, ಒಂದು ಗಾಜಿನ ಕಡ್ಡಿ, ಒಂದು ನೋಟ್‌ಬುಕ್ಕು. ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿ. ಅಡ್ಯಾರಿನ ಒಂದು ಸಣ್ಣ ಔಷಧ ಸಂಶೋಧನಾಲಯದಲ್ಲಿ ನಾನು ಸಹಾಯಕಿ. ಟಿ. ನಗರದ ಒಂದು ಉಡುಪಿ ಹೋಟೆಲಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಯ ಕೆಲಸಗಾರರ ಬಾಯೊಳಗೆ ಹುಣ್ಣು ಎಷ್ಟಿವೆ, ಯಾವುದು ಯಾವಾಗ ಎದ್ದಿತು, ಯಾವಾಗ ಮಾಯಿತು ಎಂದು ನೋಡಿ ಬರೆದುಕೊಂಡು ಬರುವುದು ನನ್ನ ಕೆಲಸ. ಕಾನ್ವೆಂಟಿನ ಸಿಸ್ಟರುಗಳು ಹನ್ನೊಂದು ವರ್ಷ ಕಷ್ಟಪಟ್ಟು ನನಗೆ ಕಲಿಸಿದ್ದು ಬಾಯಿ ಮುಚ್ಚಿಕೊಂಡಿರುವುದನ್ನು. ಹೊಟ್ಟೆಪಾಡಿಗೆ ಸಿಕ್ಕಿದ್ದು ಇದು.

ಆದರೆ ಹೇಳಹೊರಟದ್ದು ಟಾರ್ಚಿನ ಕಥೆಯಲ್ಲ. ಆ ಹೋಟೆಲಿನಲ್ಲಿ ಬಡಿಸುತ್ತಿದ್ದ ವಿಷ್ಣುಮೂರ್ತಿಯವರ ಕಥೆ.

ಉಡುಪಿಯ ಕಡೆಯವರು. ವಯಸ್ಸು ಐವತ್ತರ ಆಸುಪಾಸು. ಉದ್ದಕ್ಕೆ, ಸಪೂರಕ್ಕೆ ಇದ್ದರು. ಮೂವತ್ತು ವರ್ಷ ಎಲೆಗಳ ಮೇಲೆ ಬಾಗಿ ಬಾಗಿ ಬೆನ್ನು ಪ್ರಶ್ನಾರ್ಥಕ ಚಿಹ್ನೆಯ ಆಕಾರಕ್ಕೆ ಬಂದಿತ್ತು. ಪ್ರಶ್ನೆ ಯಾವಾಗಲೂ ಒಂದೇ: “ಇನ್ನೊಂಚೂರು ಬಡಿಸ್ಲಾ?”

ಬೆಳಿಗ್ಗೆಯಿಂದ ಗಿರಾಕಿಗಳಿಗೆ ಬಡಿಸಿ, ಮೂರು ಗಂಟೆಗೆ ಗಿರಾಕಿಗಳೆಲ್ಲ ತೆರಳಿದ ಮೇಲೆ ಕೆಲಸಗಾರರ ಊಟಕ್ಕೂ ಅವರೇ ಬಡಿಸುವವರು. ಹಿಂದಿನ ಹಜಾರದಲ್ಲಿ ಗೋಡೆಯ ಉದ್ದಕ್ಕೆ ಹತ್ತೊಂಬತ್ತು ಬಾಳೆ ಎಲೆ, ಒಂದೇ ಪಂಕ್ತಿ. ಅನ್ನದ ಮೊದಲನೆಯ ಸುತ್ತು ಬಾಗಿಲ ಕಡೆಯಿಂದ ಶುರುವಾದರೆ ಎರಡನೆಯ ಸುತ್ತು ಗೋಡೆಯ ಮೂಲೆಯಿಂದ. ಸಾರು ಅತ್ತಲಿಂದ, ಮಜ್ಜಿಗೆ ಇತ್ತಲಿಂದ. ಒಮ್ಮೆ ನಮ್ಮ ಡಾಕ್ಟರು ತಮಾಷೆಗೆ ಅಳತೆಯ ಜಾಡಿ ತಂದು, ಅವರು ಬಡಿಸಿದ ಹತ್ತು ಲೋಟ ಸಾರನ್ನು ಅಳೆದು ನೋಡಿದರು. ಹತ್ತರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅರ್ಧ ಚಮಚದ ವ್ಯತ್ಯಾಸವಿರಲಿಲ್ಲ. ಡಾಕ್ಟರು ಜಾಡಿಯನ್ನೇ ಅನುಮಾನದಿಂದ ನೋಡಿದರು. ಇದಾಗಿ ಒಂಬತ್ತು ವರ್ಷಕ್ಕೆ, ಬಲಗೈ ಸ್ವಲ್ಪ ನಡುಗತೊಡಗಿದ ದಿನವೇ ವಿಷ್ಣುಮೂರ್ತಿ ಸೌಟು ಕೆಳಗಿಟ್ಟರಂತೆ. ಯಜಮಾನರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ನೋವಿತ್ತೆಂದಲ್ಲ. ಒಂದು ಎಲೆಗೆ ಹೆಚ್ಚು ಬಿದ್ದು ಇನ್ನೊಂದಕ್ಕೆ ಕಡಿಮೆಯಾದೀತು ಎಂದು.

ಡಾಕ್ಟರೆಂದರೆ ಜಯಲಕ್ಷ್ಮೀ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ವೈಷ್ಣವ ಮನೆತನ, ನಮ್ಮ ಮನೆಯ ಹಾಗೆಯೇ. ಅವರ ಕನ್ನಡ ಮೈಲಾಪುರದಲ್ಲಿ ಹುಟ್ಟಿ ಅಲ್ಲೇ ಬೆಳೆದದ್ದು. ತಮಿಳಿಲ್ಲದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರು ಆ ಹೋಟೆಲಿಗೆ ಊಟಕ್ಕೆ ಹೋಗಿದ್ದರು. ಬಾಯಲ್ಲಿ ಮೂರು ಹುಣ್ಣು. ಸಾಂಬಾರಿನ ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ವಿಷ್ಣುಮೂರ್ತಿ ಏನೂ ಕೇಳದೆ ಸಾಂಬಾರಿನ ಬಟ್ಟಲು ತೆಗೆದು, ತಿಳಿ ಹಸಿರು ಬಣ್ಣದ್ದೇನನ್ನೋ ಒಂದು ಲೋಟದಲ್ಲಿ ತಂದಿಟ್ಟರು.

“ಏನಿದು?”

“ತಂಬುಳಿ ಅಮ್ಮಾ. ಒಂದೆಲಗದ್ದು. ನಿಮ್ಮಲ್ಲಿ ವಲ್ಲಾರೈ ಹೇಳ್ತಾರೆ. ಮೂರು ದಿನ ಬಂದು ಕುಡೀರಿ. ಬೈಲಿಕ್ಕೆ ಇದ್ರೆ ನಾಲ್ಕನೇ ದಿನ ಬೈಯಿರಿ.”

ತಂಬುಳಿಯೆಂದರೆ ಸೊಪ್ಪನ್ನು ತೆಂಗಿನತುರಿ, ಜೀರಿಗೆಯ ಜೊತೆ ರುಬ್ಬಿ ಮಜ್ಜಿಗೆಯಲ್ಲಿ ಕದಡಿದ್ದು. ಕರಾವಳಿಯವರಿಗೆ ಅದು ಊಟವೂ ಹೌದು, ಮದ್ದೂ ಹೌದು. ಎರಡರ ನಡುವೆ ಅವರು ಗೋಡೆ ಕಟ್ಟಿಲ್ಲ. ಆ ಒಂದೆಲಗವನ್ನು ವಿಷ್ಣುಮೂರ್ತಿ ಊರಿನಿಂದ ಒದ್ದೆ ಪಂಚೆಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಹೋಟೆಲಿನ ಹಿತ್ತಲಲ್ಲಿ, ಕೈತೊಳೆಯುವ ನೀರು ಹರಿದುಹೋಗುವ ಕಡೆ, ಒಡೆದ ಸೀಮೆಎಣ್ಣೆ ಡಬ್ಬಿಗಳಲ್ಲಿ ಅದು ಹಬ್ಬಿಕೊಂಡಿತ್ತು. ಒಂದೊಂದು ದಂಟಿಗೆ ಒಂದೇ ಎಲೆ. ಗುಂಡಗೆ, ಅಂಚಿಗೆ ಸಣ್ಣ ಹಲ್ಲು. ಒಲೆಯ ಮುಂದೆ ನಿಂತು, ನಿದ್ದೆಗೆಟ್ಟು, ಕಾಫಿಯಲ್ಲೇ ಜೀವ ಹಿಡಿದಿದ್ದ ಆ ಕೆಲಸಗಾರರಲ್ಲಿ ಬಾಯಿಹುಣ್ಣಿಲ್ಲದವನನ್ನು ಹುಡುಕಬೇಕಿತ್ತು. ಎಲ್ಲರಿಗೂ ಇದೇ ಮದ್ದು.

ನಾಲ್ಕನೆಯ ದಿನ ಡಾಕ್ಟರು ಬಂದದ್ದು ಬೈಯುವುದಕ್ಕಲ್ಲ. ಹಿತ್ತಲಿಗೆ ಹೋಗಿ ಡಬ್ಬಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

ನಮ್ಮ ಸಂಶೋಧನಾಲಯದ ದೊಡ್ಡ ಡಾಕ್ಟರಿಗೆ ಅಡುಗೆಮನೆಯ ಸೊಪ್ಪೆಂದರೆ ನಗು. ಜಯಲಕ್ಷ್ಮೀ ಹಟ ಹಿಡಿದು ಆರು ವಾರದ ಅವಧಿ ಪಡೆದರು. ಷರತ್ತು ಇಷ್ಟು: ಫಲ ಕಾಣಿಸಿದರೆ ಸರಿ. ಇಲ್ಲದಿದ್ದರೆ ಈ ಎಲೆಯಿಂದ ಪ್ರಯೋಜನವಿಲ್ಲ ಎಂದು ಬರೆದು ಸಹಿ ಹಾಕಿ ಕಡತ ಮುಚ್ಚಬೇಕು. ಆಮೇಲೆ ಆ ಸಂಸ್ಥೆಯಲ್ಲಿ ಯಾರೂ ಒಂದೆಲಗದ ಹೆಸರು ಎತ್ತಬಾರದು, ಅವರು ಮತ್ತೆ ಇಲಿಗಳ ಕೋಣೆಗೆ ಹೋಗಬೇಕು.

ಹೋಟೆಲಿನ ಯಜಮಾನರು ಶಂಕರನಾರಾಯಣ ಹೊಳ್ಳರು ಒಪ್ಪಿದರು. ಪರೀಕ್ಷೆಯ ರೀತಿ ಬಲು ಸರಳ. ಹತ್ತೊಂಬತ್ತು ಎಲೆಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಒಂದೆಲಗದ ತಂಬುಳಿ, ಉಳಿದವಕ್ಕೆ ಬರೀ ಮಜ್ಜಿಗೆ. ಯಾರ ಹುಣ್ಣು ಬೇಗ ಮಾಯುತ್ತದೆಂದು ನಾನು ನೋಡುವುದು.

“ತಿಳೀತಾ ಮೂರ್ತಿಗಳೇ? ಒಬ್ಬರಿಗೆ ಕೊಡಿ, ಪಕ್ಕದವರಿಗೆ ವೇಂಡಾಂ. ಹೀಗೇ ಕಡೇವರೆಗೂ,” ಎಂದರು ಡಾಕ್ಟರು.

ವಿಷ್ಣುಮೂರ್ತಿ ಸೌಟಿನ ಕಡೆ ನೋಡುತ್ತ “ಆಗ್ಲಿ ಡಾಕ್ಟ್ರಮ್ಮ” ಎಂದರು.

ಕರಾವಳಿಯವರ ‘ಆಗ್ಲಿ’ಯಲ್ಲಿ ಎರಡು ಬಗೆಯಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಒಂದರ ಅರ್ಥ, ಮಾಡುತ್ತೇನೆ. ಇನ್ನೊಂದರ ಅರ್ಥ, ನೀವು ಹೇಳಿದ್ದು ಕೇಳಿಸಿತು.

ಆರು ವಾರ ನಾನು ಬಾಯಿಗಳನ್ನು ನೋಡಿದೆ. ದೋಸೆಕಲ್ಲಿನ ಕಿಟ್ಟಣ್ಣನದು ಎಲ್ಲಕ್ಕಿಂತ ದೊಡ್ಡ ಬಾಯಿ, ಎರಡೂ ಅರ್ಥದಲ್ಲಿ. ಅವನು ಮಜ್ಜಿಗೆಯ ಗುಂಪು.

“ನೋಡಿ ಟಾರ್ಚಮ್ಮ, ಚೆನ್ನಾಗಿ ನೋಡಿ. ಹೊಟ್ಟೆವರೆಗೂ ಕಾಣ್ತದಾ? ನಿನ್ನೆಯ ಉಪ್ಪಿಟ್ಟು ಉಂಟಾ ಅಲ್ಲಿ?”

“ಮಾತಾಡಿದರೆ ಕಾಣೋದಿಲ್ಲ. ಆ ಅನ್ನು.”

“ಆ... ನನ್ನ ಹೆಂಡತಿ ಸುಮತಿ ಇಷ್ಟು ಪ್ರೀತಿಯಿಂದ ಒಂದು ದಿನ ನನ್ನ ಬಾಯಿ ನೋಡ್ಲಿಲ್ಲ ಮಾರಾಯ್ರೆ.”

ಒಂದು ದಿನ ಅವನ ಹಲ್ಲಿನ ಸಂದಿಯಲ್ಲಿ ಹಸಿರು ಚೂರು ಕಂಡಿತು. ಏನೆಂದು ಕೇಳಿದೆ. “ಕೊತ್ತಂಬರಿ ಸೊಪ್ಪು” ಎಂದ, ಕಣ್ಣು ಮಿಟುಕಿಸದೆ. ನಾನು ‘ಕೊತ್ತಂಬರಿ’ ಎಂದು ಬರೆದುಕೊಂಡೆ. ಪೊಲೀಸು ಇಲಾಖೆಗೆ ನಾನು ಸೇರದಿದ್ದುದು ಊರಿನ ಕಳ್ಳರಿಗೆ ಆದ ನಷ್ಟ.

ಆರನೆಯ ವಾರದ ಕೊನೆಗೆ ಲೆಕ್ಕ ಹಾಕಿದೆವು. ತಂಬುಳಿಯವರ ಹುಣ್ಣು ನಾಲ್ಕೈದು ದಿನದಲ್ಲಿ ಮಾಯಿತ್ತು. ಮಜ್ಜಿಗೆಯವರದೂ ನಾಲ್ಕೈದು ದಿನದಲ್ಲೇ ಮಾಯಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ದೊಡ್ಡ ಡಾಕ್ಟರು ಹಾಳೆಯನ್ನು ಒಂದು ಬೆರಳಲ್ಲಿ ಹಿಂದಕ್ಕೆ ತಳ್ಳಿ, “ಎಲೆ ತಿಂದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ. ಸೋಮವಾರ ಬರೆದುಕೊಡಿ,” ಎಂದರಂತೆ.

ಶನಿವಾರ ಮಧ್ಯಾಹ್ನ ನಾವಿಬ್ಬರೂ ಹೋಟೆಲಿಗೆ ಹೋದೆವು, ಸುದ್ದಿ ಹೇಳುವುದಕ್ಕೆ. ಊಟ ಮುಗಿದು ಎಲೆ ತೆಗೆಯುತ್ತಿದ್ದರು. ಡಾಕ್ಟರು ಬೆಂಚಿನ ಮೇಲೆ ಕೂತು ಹೇಳಿದರು:

“ಸೋತುಹೋಯ್ತು ಮೂರ್ತಿಗಳೇ. ನಿಮ್ಮ ಎಲೆಯಲ್ಲಿ ಒಂದೂ ಇಲ್ಲೆ. ಸೋಮವಾರ ಹಾಗೇ ಬರೆದು ಕೊಡ್ತೀನಿ. ನನಗೆ ಮಾಯಿತಲ್ಲ, ಅದು ತಾನಾಗೇ ಮಾಯಿರಬೇಕು.”

ವಿಷ್ಣುಮೂರ್ತಿ ಕೈಯಲ್ಲಿದ್ದ ಬಾಳೆ ಎಲೆಯನ್ನು ಕೆಳಗೆ ಹಾಕಲಿಲ್ಲ. ಮಡಚಿದ ಹಾಗೆಯೇ ಹಿಡಿದುಕೊಂಡು ನಿಂತರು.

“ಬರೆದ್ರೆ ಮತ್ತೆ ಎಂತ ಆಗ್ತದೆ?”

“ಅಷ್ಟೇ. ಮುಗೀತು. ಇನ್ನು ಯಾರೂ ಇದನ್ನ ಮುಟ್ಟೋದಿಲ್ಲ.”

“ಎಲೆಯದ್ದು ತಪ್ಪಿಲ್ಲ ಡಾಕ್ಟ್ರಮ್ಮ. ತಪ್ಪು ನಂದು.”

“ನಿಮ್ಮದೇನು ತಪ್ಪು?”

“ಎಲ್ಲರಿಗೂ ಕೊಟ್ಟಿದ್ದೇನೆ.”

ಡಾಕ್ಟರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ಯಾವತ್ತು?”

“ಮೊದಲ ದಿನದಿಂದ. ಮಜ್ಜಿಗೆಯವರಿಗೆ ಅನ್ನದಲ್ಲಿ ಗುಂಡಿ ಮಾಡಿ ತಂಬುಳಿ ಹಾಕುದು, ಮೇಲಿಂದ ಅನ್ನ ಮುಚ್ಚುದು, ಅದರ ಮೇಲೆ ಮಜ್ಜಿಗೆ. ಟಾರ್ಚಮ್ಮನಿಗೆ ಕಾಣದ ಹಾಗೆ.”

ಬಾಗಿಲ ಬಳಿ ಕಿಟ್ಟಣ್ಣ ಬಾಯಿ ಮುಚ್ಚಿಕೊಂಡು ನಿಂತಿದ್ದ. ಆರು ವಾರದಲ್ಲಿ ಅದೇ ಮೊದಲು.

“ಅಯ್ಯೋ ಕಡವುಳೇ!” ಡಾಕ್ಟರು ಎದ್ದು ನಿಂತರು. “ಆರು ವಾರಂ! ಏನ್ ಮಾಡಿಟ್ರಿ? ಏನಕ್ಕೆ?”

“ಒಂದೇ ಪಂಕ್ತಿಯಲ್ಲಿ ಕೂತವರು ಅವರು. ಈ ಕಿಟ್ಟಣ್ಣ ಬಾಯಿ ಉರಿದು ಅನ್ನ ನುಂಗ್ಲಿಕ್ಕೆ ಆಗದೆ ಕೂತಿದ್ದಾನೆ. ಅವನ ಈಚೆಯವನಿಗೆ ಹಾಕಿ, ಅವನನ್ನು ದಾಟಿ, ಆಚೆಯವನಿಗೆ ಹಾಕ್ಲಿಕ್ಕೆ ನನ್ನ ಕೈಲಿ ಆಗ್ಲಿಲ್ಲ. ಅದು ಪಂಕ್ತಿಭೇದ ಅಲ್ವಾ ಅಮ್ಮಾ? ಮೂವತ್ತು ವರ್ಷದಲ್ಲಿ ನಾನು ಮಾಡಿದ್ದಿಲ್ಲ.”

ಪಂಕ್ತಿಭೇದವೆಂದರೆ ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬನಿಗೊಂದು ಇನ್ನೊಬ್ಬನಿಗೊಂದು ಬಡಿಸುವುದು. ನಮ್ಮ ಅಜ್ಜಿ ಕೊಲೆಯ ಪಕ್ಕದಲ್ಲಿ ಇಡುತ್ತಿದ್ದ ಪಾಪ ಅದು. ಡಾಕ್ಟರ ಅಜ್ಜಿಯೂ ಹಾಗೆಯೇ ಇದ್ದಿರಬೇಕು. ಏಕೆಂದರೆ ಅವರ ಸಿಟ್ಟು ಅರ್ಧದಲ್ಲೇ ನಿಂತಿತು. ಉಪಾಯ ಸಿಕ್ಕಿದವರ ದನಿಯಲ್ಲಿ ಹೇಳಿದರು:

“ಶರಿ. ನಾನು ದೊಡ್ಡವರ ಕಾಲು ಹಿಡಿದು ಇನ್ನೊಂದು ಸಲ ಕೇಳ್ತೀನಿ. ಈ ಸಲ ಎರಡು ಪಂಕ್ತಿ ಹಾಕಿ. ಒಂದು ಪಂಕ್ತಿಗೆ ಪೂರಾ ತಂಬುಳಿ, ಇನ್ನೊಂದು ಪಂಕ್ತಿಗೆ ಪೂರಾ ಮಜ್ಜಿಗೆ. ಪಂಕ್ತಿಯೊಳಗೆ ಭೇದಾನೇ ಇಲ್ಲೆ. ಆಯ್ತಲ್ಲ?”

ಜಾಣತನದ ಮಾತು. ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ವಿಷ್ಣುಮೂರ್ತಿ ತಲೆಯಾಡಿಸಿದರು, ಇಲ್ಲ ಎನ್ನುವಂತೆ.

“ನಂಗೆ ಒಂಬತ್ತೋ ಹತ್ತೋ ವರ್ಷ. ಊರಲ್ಲಿ ದೊಡ್ಡವರ ಮನೆಯಲ್ಲಿ ಮದುವೆ ಊಟ. ಎರಡು ಪಂಕ್ತಿ. ಆಚೆ ಪಂಕ್ತಿಗೆ ತುಪ್ಪ ಬಂತು. ಪರಿಮಳ ನಮಗೂ ಬಂತು. ನಾನು ಅನ್ನಕ್ಕೆ ಒಂದು ಗುಂಡಿ ಮಾಡಿ ಕಾದು ಕೂತೆ. ಬಡಿಸುವವ ತುಪ್ಪದ ಗಿಂಡಿ ಹಿಡ್ಕೊಂಡು ನನ್ನ ಎದುರಿಂದಲೇ ಹೋದ. ಅಪ್ಪ ಕೇಳಿದ್ರು, ಮಾಣಿಗೆ ಒಂದು ಮಿಳ್ಳೆ ತುಪ್ಪ ಹಾಕಿ ಅಂತ. ಅವ ಎಂತ ಹೇಳಿದ ಗೊತ್ತುಂಟಾ? ‘ಅದು ಬೇರೆ ಪಂಕ್ತಿ ಭಟ್ರೆ.’”

ಕೈಯಲ್ಲಿದ್ದ ಎಲೆಯನ್ನು ಇನ್ನೊಂದು ಮಡಿಕೆ ಮಡಚಿದರು.

“ಆ ಗುಂಡಿ ಈಗ್ಲೂ ಹಾಗೇ ಉಂಟು ಅಮ್ಮಾ.”

ಹಿತ್ತಲಲ್ಲಿ ಪಾತ್ರೆ ತೊಳೆಯುವ ಐತ ಕಡಾಯಿ ಉಜ್ಜುವ ಸದ್ದು ಕೇಳುತ್ತಿತ್ತು. ಎಲೆಯ ಹೆಸರು ಹೋಗುತ್ತದೆ, ಡಾಕ್ಟರು ಇಲಿಗಳ ಕೋಣೆಗೆ ಹೋಗುತ್ತಾರೆ, ಅದಕ್ಕೆ ಕಾರಣ ತಾನು. ಆದರೂ ಪಂಕ್ತಿ ಮುರಿಯುವುದಕ್ಕೆ ಕೈ ಏಳುವುದಿಲ್ಲ. ಆ ಮನುಷ್ಯನ ಮುಖ ನೋಡಲಾಗದೆ ನಾನು ಟಾರ್ಚನ್ನು ಹಚ್ಚಿ ಆರಿಸಿ ಮಾಡುತ್ತಿದ್ದೆ.

ಆಗ ಅವರು ನಿಧಾನವಾಗಿ, ತಮಗೆ ತಾವೇ ಹೇಳಿಕೊಳ್ಳುವಂತೆ ಶುರುಮಾಡಿದರು.

“ಅನ್ನ ಒಂದು ಸಲ ಬಾಗಿಲಿಂದ ತಂದ್ರೆ ಮತ್ತೊಂದು ಸಲ ಮೂಲೆಯಿಂದ ತರುದು ನಾನು. ಯಾಕೆ? ಕೊನೆಯ ಎಲೆಯವ ಯಾವಾಗ್ಲೂ ಕೊನೆ ಆಗ್ಬಾರ್ದು. ನಿಮ್ಮ ಮದ್ದೂ ಹಾಗೆ ತಿರುಗಿಸಿದ್ರೆ ಆಗುದಿಲ್ವಾ? ಮೂರು ವಾರ ಅರ್ಧ ಜನಕ್ಕೆ. ಮತ್ತೆ ಮೂರು ವಾರ ಉಳಿದ ಅರ್ಧಕ್ಕೆ. ಇವತ್ತು ಇಲ್ಲದವನಿಗೆ ನಾಳೆ ಉಂಟು. ಊಟ ಮುಗಿಯುವಾಗ ಎಲ್ಲರ ಎಲೆಗೂ ಒಂದೇ ಬಿದ್ದಿರ್ತದೆ. ಅದು ಭೇದ ಅಲ್ಲ, ಸುತ್ತು.”

ಡಾಕ್ಟರು ಬೆಂಚಿನ ಮೇಲೆ ಮತ್ತೆ ಕೂತರು.

“ಮತ್ತೊಂದುಂಟು. ಯಾವುದು ಯಾರಿಗೆ ಅಂತ ನಂಗೆ ಹೇಳ್ಬೇಡಿ.”

“ನಿಮ್ಮ ಮೇಲೆ ನಂಬಿಕೆ ಇಲ್ಲೆ ಅಂತ ನಾನು ಸೊಲ್ಲಲಿಲ್ಲ ಮೂರ್ತಿಗಳೇ.”

“ನಂಗೇ ಇಲ್ಲ. ನನ್ನ ಕೈ ನಂಗೆ ಗೊತ್ತುಂಟು. ಗೊತ್ತಾದ್ರೆ ಅದು ವಾಲ್ತದೆ.” ಅವರು ನನ್ನ ಕಡೆ ತಿರುಗಿ ಸ್ವಲ್ಪ ನಕ್ಕರು. “ಈ ಟಾರ್ಚಮ್ಮನಿಗೂ ಹೇಳ್ಬೇಡಿ. ಕಣ್ಣೂ ವಾಲ್ತದೆ.”

ನಾನು ಬದುಕಿನಲ್ಲಿ ಅನೇಕ ಭಾಷಣ ಕೇಳಿದ್ದೇನೆ. ಹಲವಕ್ಕೆ ನಿದ್ದೆ ಮಾಡಿದ್ದೇನೆ. ಮೈಯ ರೋಮ ಎದ್ದು ನಿಂತದ್ದು ಆ ಎಂಜಲು ತೆಗೆಯುತ್ತಿದ್ದ ಹಜಾರದಲ್ಲಿ ಮಾತ್ರ. ಅಡ್ಯಾರಿಗೆ ಹಿಂತಿರುಗುವ ಬಸ್ಸಿನಲ್ಲಿ ಡಾಕ್ಟರು ಕಿಟಕಿಯಾಚೆ ನೋಡುತ್ತ ಹೇಳಿದರು: “ಈ ಎರಡು ಮಾತಿಗೆ ನನ್ನ ಮೇಜಿನ ಮೇಲೆ ಇಷ್ಟು ದಪ್ಪ ಪುಸ್ತಕ ಇದೆಮಾ ರಮಾ. ಓದಿದೀನಿ. ಪರೀಕ್ಷೇಲಿ ಬರೆದು ಪಾಸಾಗಿದೀನಿ. ಈ ಹೋಟೆಲಿಗೆ ಬರೋವಾಗ ಮರೆತು ಬಂದೆ. ಅವರು ಪುಸ್ತಕ ನೋಡಿಲ್ಲ. ಸೌಟು ಹಿಡಿದು ಹಿಡಿದು ಅಲ್ಲಿಗೇ ಹೋಗಿ ನಿಂತಿದಾರೆ.”

ಸೋಮವಾರ ಅವರು ದೊಡ್ಡ ಡಾಕ್ಟರ ಮುಂದೆ ತಪ್ಪೊಪ್ಪಿಕೊಂಡರು. ಬಡಿಸುವವರ ಹೆಸರು ಹೇಳಲಿಲ್ಲ. ಏರ್ಪಾಡಿನಲ್ಲಿ ದೋಷವಿತ್ತು, ಅದು ನನ್ನದು ಎಂದರು. ಎರಡು ತಿಂಗಳು ಸಿಕ್ಕಿತು. ಅದೇ ಕೊನೆ ಎಂಬ ಮಾತೂ ಜೊತೆಗೆ ಸಿಕ್ಕಿತು.

ಈಗ ಇನ್ನೊಂದು ತೊಡಕು. ಕರಾವಳಿಯವರ ನಾಲಿಗೆಗೆ ಒಂದೆಲಗವನ್ನು ಬಚ್ಚಿಡುವುದು ಸುಲಭವೇ? ಡಾಕ್ಟರು ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿದರು. ಇನ್ನೊಂದು ಪುಡಿ ಹರಿವೆ ಸೊಪ್ಪಿನದು. ಎರಡಕ್ಕೂ ಹುರಿದ ಜೀರಿಗೆ, ಕರಿಬೇವು ಬೆರೆಸಿ, ಮಜ್ಜಿಗೆಯಲ್ಲಿ ಕಲಸಿ ವಿಷ್ಣುಮೂರ್ತಿಯವರ ಮುಂದಿಟ್ಟರು. ಅವರು ಕಣ್ಣುಮುಚ್ಚಿ ರುಚಿ ನೋಡಿ, “ಇದು ಒಂದೆಲಗ, ಇದು ಅಲ್ಲ,” ಎಂದರು. ಡಾಕ್ಟರು ಕರಿಬೇವು ಹೆಚ್ಚಿಸಿದರು. ಆದರೂ ಹೇಳಿದರು. ಇಂಗು ಬಿತ್ತು. ಆದರೂ ಹೇಳಿದರು. ಹೀಗೆ ಐದು ದಿನ. ಆರನೆಯ ದಿನ ಎರಡೂ ಲೋಟ ಕುಡಿದು, ಇನ್ನೊಮ್ಮೆ ಕುಡಿದು, ಕಣ್ಣು ತೆರೆದು, “ಸೋತೆ ಡಾಕ್ಟ್ರಮ್ಮ,” ಎಂದರು. ಸೋತವರೂ ಸೋಲಿಸಿದವರೂ ಅಷ್ಟು ಸಂತೋಷಪಟ್ಟ ಪಂದ್ಯವನ್ನು ನಾನು ಮತ್ತೆ ನೋಡಿಲ್ಲ.

ಸರಿಯಾಗಿ ಅರ್ಧ ಮಾಡುವುದಕ್ಕೆ ಇಪ್ಪತ್ತು ಜನ ಬೇಕಿತ್ತು. ಪಂಕ್ತಿಯಲ್ಲಿ ಹತ್ತೊಂಬತ್ತು. ಹೊರಗಿನವರನ್ನು ಯಾರನ್ನಾದರೂ ಕರೆಯಬೇಕೇನೋ ಎಂದು ಡಾಕ್ಟರು ಲೆಕ್ಕ ಹಾಕುತ್ತಿದ್ದಾಗ ವಿಷ್ಣುಮೂರ್ತಿ ಹೇಳಿದರು, “ಐತನಿಗೂ ಒಂದು ಬಾಯಿ ಉಂಟು ಡಾಕ್ಟ್ರಮ್ಮ.”

ಐತ ವಿಷ್ಣುಮೂರ್ತಿಯವರ ಊರಿನ ಕಡೆಯವನೇ. ಅವನ ಊಟದ ಜಾಗ ಹಿತ್ತಲಲ್ಲಿ, ನಲ್ಲಿಯ ಪಕ್ಕ. ಯಾಕೆ ಅಲ್ಲಿ ಎಂದು ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ದೇವರ ಮಕ್ಕಳು ಎಂಬ ಪ್ರಬಂಧ ಬರೆದು ಕಾನ್ವೆಂಟಿನಲ್ಲಿ ಹತ್ತಕ್ಕೆ ಒಂಬತ್ತು ತೆಗೆದಿದ್ದ ನಾನೂ ಕೇಳಲಿಲ್ಲ. ಪಂಕ್ತಿಗೆ ಬಡಿಸಿದ ಮೇಲೆ ವಿಷ್ಣುಮೂರ್ತಿ ತಾವೇ ಹೋಗಿ ಅವನಿಗೂ ಬಡಿಸಿ ಬರುತ್ತಿದ್ದರು, ಅದೇ ಸೌಟಿನಲ್ಲಿ, ಅಷ್ಟೇ ಅಳತೆ. ಅದಾದ ಮೇಲೆ ಒಬ್ಬರೇ ಕೂತು ತಮ್ಮ ಊಟ.

ಇಪ್ಪತ್ತು ಎವರ್‌ಸಿಲ್ವರ್ ಲೋಟ ಬಂದವು. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವನು ಒಂದರಿಂದ ಇಪ್ಪತ್ತರವರೆಗೆ ಅಂಕಿ ಕೊರೆದುಕೊಟ್ಟ. ಇಪ್ಪತ್ತನೆಯದು ಐತನಿಗೆ. ಡಾಕ್ಟರು ಎರಡೂ ಸುತ್ತಿಗೆ ಬೇಕಾದ ಪೊಟ್ಟಣಗಳನ್ನು ಮೊದಲೇ ಕಟ್ಟಿ, ಮೇಲೆ ಅಂಕಿ ಬರೆದು, ಸುತ್ತಿಗೊಂದು ಡಬ್ಬದಲ್ಲಿ ಹಾಕಿ ಕಳಿಸಿದರು. ವಿಷ್ಣುಮೂರ್ತಿ ಆಯಾ ಅಂಕಿಯ ಪೊಟ್ಟಣವನ್ನು ಆಯಾ ಲೋಟಕ್ಕೆ ಸುರಿದು ಮಜ್ಜಿಗೆ ಹೊಯ್ದು ಕೊಡುವುದು. ಯಾವ ಅಂಕಿಗೆ ಯಾವ ಪುಡಿ ಎಂಬುದನ್ನು ಬರೆದ ಒಂದೇ ಒಂದು ಹಾಳೆಯನ್ನು ಲಕೋಟೆಯಲ್ಲಿ ಅಂಟಿಸಿ, ಹೊಳ್ಳರ ಕೈಯಿಂದ ಕೃಷ್ಣನ ಪಟದ ಹಿಂದೆ ಇಡಿಸಿದರು.

“ಯಾರಾದರೂ ಒಡೆದು ನೋಡಿದ್ರೆ?” ಎಂದ ಕಿಟ್ಟಣ್ಣ, ಎಲ್ಲರಿಗಿಂತ ಮೊದಲು ನೋಡುವವನ ಮುಖ ಮಾಡಿಕೊಂಡು.

“ದೇವರ ಬೆನ್ನ ಹಿಂದೆ ಕೈ ಹಾಕಿದವನಿಗೆ ಬಾಯಲ್ಲಲ್ಲ, ಬೇರೆ ಕಡೆ ಹುಣ್ಣಾಗ್ತದೆ,” ಎಂದರು ಹೊಳ್ಳರು.

ಆ ಪಟಕ್ಕೆ ದಿನಾ ದೀಪ ಹಚ್ಚುತ್ತಿದ್ದವರು ವಿಷ್ಣುಮೂರ್ತಿಯೇ. ಲಕೋಟೆಯ ಮೂಲೆ ಪಟದ ಬದಿಯಿಂದ ಒಂದು ಬೆರಳಷ್ಟು ಹೊರಗೆ ಕಾಣುತ್ತಿತ್ತು. ನಲವತ್ತೆರಡು ದಿನ ಅದರ ಮುಂದೆ ಕೈಮುಗಿದು ನಿಂತ ಆ ಮನುಷ್ಯ ಒಂದು ದಿನವೂ ಅದರ ಕಡೆ ಕಣ್ಣು ಹಾಯಿಸಿದ್ದನ್ನು ನಾನು ಕಾಣಲಿಲ್ಲ. ನನಗೆ ಮಾತ್ರ ಪ್ರತಿದಿನ ಕೃಷ್ಣನ ಮುಖಕ್ಕಿಂತ ಲಕೋಟೆಯೇ ಕಾಣುತ್ತಿತ್ತು.

ಮೊದಲ ಸುತ್ತು ಸುಗಮವಾಗಿ ಕಳೆಯಿತು. ಎರಡನೆಯ ಸುತ್ತಿನಲ್ಲಿ ವಿಷ್ಣುಮೂರ್ತಿ ಜ್ವರ ಬಂದು ಎರಡು ದಿನ ಮಲಗಿದರು. ಆ ಎರಡು ದಿನ ಸುಬ್ರಾಯ ಎಂಬವನು ಬಡಿಸಿದ. ಮೂರನೆಯ ದಿನ ಅವರು ಕಂಬಳಿ ಹೊದ್ದೇ ಎದ್ದು ಬಂದರು.

ಅಕ್ಟೋಬರಿನ ಮೊದಲ ವಾರ, ಒಂದು ಮಧ್ಯಾಹ್ನ. ಹೊಳ್ಳರು ಪಟದ ಹಿಂದಿನಿಂದ ಲಕೋಟೆ ತೆಗೆದು, ಧೂಳು ಒರೆಸಿ, ಡಾಕ್ಟರ ಕೈಗೆ ಕೊಟ್ಟರು. ಹಜಾರದಲ್ಲಿ ಎಲ್ಲರೂ ನಿಂತಿದ್ದರು. ನಾನು ನನ್ನ ನೋಟ್‌ಬುಕ್ಕಿನಿಂದ ಅಂಕಿ ಓದುತ್ತ ಹೋದೆ, ಡಾಕ್ಟರು ಎರಡು ಸಾಲಾಗಿ ಬರೆಯುತ್ತ ಹೋದರು. ಹನ್ನೆರಡನೆಯ ಅಂಕಿ ದಾಟುವಾಗ ಅವರ ಪೆನ್ಸಿಲು ನಿಧಾನವಾಯಿತು. ಹದಿನೈದಕ್ಕೆ ನಿಂತೇಬಿಟ್ಟಿತು. ಮತ್ತೆ ಮೇಲಿನಿಂದ ಕೂಡಿಸಿದರು.

ಎಲೆ ತಿಂದಾಗ ಹುಣ್ಣು ಮಾಯಲು ಸರಾಸರಿ ನಾಲ್ಕೂವರೆ ದಿನ. ತಿನ್ನದಾಗ ಏಳು. ಅದೇ ಬಾಯಿ, ಅದೇ ಮನುಷ್ಯ, ಅದೇ ಒಲೆ. ಕಿಟ್ಟಣ್ಣನ ಹುಣ್ಣು ಮೊದಲ ಸುತ್ತಿನಲ್ಲಿ ಎಂಟು ದಿನ ಕಾಡಿತ್ತು, ಎರಡನೆಯದರಲ್ಲಿ ನಾಲ್ಕೇ ದಿನ. ಕೈತೊಳೆಯುವ ನೀರು ಕುಡಿದು ಒಡಕು ಡಬ್ಬಿಯಲ್ಲಿ ಬೆಳೆದ ಒಂದು ಎಲೆ, ಬಾಯಲ್ಲಿ ಏನೂ ಹೇಳದೆ, ಇಪ್ಪತ್ತು ಬಾಯಲ್ಲಿ ಒಂದೇ ಮಾತು ಆಡಿಸಿತ್ತು.

“ಮೂರ್ತಿಗಳೇ,” ಎಂದರು ಡಾಕ್ಟರು. ಹಾಳೆಯನ್ನು ಅವರ ಕಡೆ ತಿರುಗಿಸಿ ಹಿಡಿದರು.

ಕಿಟ್ಟಣ್ಣ ಕೂಗಿಯೇಬಿಟ್ಟ. ಹೊಳ್ಳರು ಪಟಕ್ಕೆ ಕೈಮುಗಿದರು. ವಿಷ್ಣುಮೂರ್ತಿಯವರ ಮುಖ ಅರಳಿತು. ಒಂದು ಕ್ಷಣ ಬೆನ್ನು ನೆಟ್ಟಗಾದಂತೆ ಕಂಡಿತು. ಆಮೇಲೆ ಕೇಳಿದರು:

“ಎಲ್ಲರಿಗೂ ಸಮ ಬಿತ್ತಾ?”

“ಏನು?”

“ಎಲೆ. ಎಲ್ಲರಿಗೂ ಇಪ್ಪತ್ತೊಂದು ದಿನ ಬಿತ್ತಾ ನೋಡಿ ಅಮ್ಮಾ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಎರಡನೆಯ ಸುತ್ತಿನ ಪೊಟ್ಟಣದ ಡಬ್ಬ ತೆರೆದೆ. ತಳದಲ್ಲಿ ಬಿಚ್ಚದ ಎರಡು ಪೊಟ್ಟಣ ಇದ್ದವು. ನಾನು ಅವನ್ನು ಮೊದಲೇ ಕಂಡಿದ್ದೆ. ಹೆಚ್ಚಿಗೆ ಕಟ್ಟಿರಬೇಕು ಎಂದುಕೊಂಡಿದ್ದೆ. ಎರಡರ ಮೇಲೂ ಒಂದೇ ಅಂಕಿ: ಇಪ್ಪತ್ತು. ಹಾಳೆಯಲ್ಲಿ ನೋಡಿದರೆ, ಎರಡೂ ಒಂದೆಲಗದ ಪೊಟ್ಟಣ.

ಜ್ವರದ ಎರಡು ದಿನ. ಸುಬ್ರಾಯ ಪಂಕ್ತಿಯ ಹತ್ತೊಂಬತ್ತು ಲೋಟ ತುಂಬಿಸಿ ಕೈತೊಳೆದುಕೊಂಡಿದ್ದ. ನಲ್ಲಿಯವರೆಗೆ ಹೋಗಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಟಾರ್ಚು ಹಿಡಿದು ಅಲ್ಲೇ ನಿಂತಿದ್ದ ನನಗೂ ಹೊಳೆದಿರಲಿಲ್ಲ.

“ಪರವಾಗಿಲ್ಲ ಮೂರ್ತಿಗಳೇ,” ಎಂದರು ಡಾಕ್ಟರು. “ಎರಡು ದಿನ ತಾನೆ? ಲೆಕ್ಕ ಏನೂ ಕೆಡೋದಿಲ್ಲೆ. ಎಲೆ ಗೆದ್ದಿದೆ.”

“ಎಲೆ ಗೆದ್ದಿತು,” ಎಂದರು ವಿಷ್ಣುಮೂರ್ತಿ.

ಎರಡೂ ಪೊಟ್ಟಣಗಳನ್ನು ತೆಗೆದುಕೊಂಡು, ಇಪ್ಪತ್ತನೆಯ ಲೋಟವನ್ನೂ ಇನ್ನೊಂದು ಲೋಟವನ್ನೂ ತೊಳೆದು, ಮಜ್ಜಿಗೆ ಹೊಯ್ದು ಕದಡಿ, ಹಿತ್ತಲಿಗೆ ನಡೆದರು. ನಾವೆಲ್ಲ ಬಾಗಿಲವರೆಗೆ ಹೋದೆವು. ಐತ ಕಡಾಯಿಯ ಮುಂದಿನಿಂದ ಗಾಬರಿಯಾಗಿ ಎದ್ದ.

“ಎಂತ ಭಟ್ರೆ? ನಂಗೀಗ ಹುಣ್ಣಿಲ್ಲ.”

“ಹುಣ್ಣಿಗಲ್ಲ. ನಿಂಗೆ ಬಾಕಿ ಉಂಟು. ಕುಡಿ.”

ಐತ ಒಂದಾದ ಮೇಲೊಂದು ಎರಡು ಲೋಟವನ್ನೂ ಕುಡಿದ, ಅವರ ಮುಖವನ್ನೇ ನೋಡುತ್ತ. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ವಿಷ್ಣುಮೂರ್ತಿ ಒಳಗೆ ಬಂದು, ತಮ್ಮ ಊಟಕ್ಕೆ ಎತ್ತಿಟ್ಟಿದ್ದ ಬಾಳೆ ಎಲೆ ತೆಗೆದುಕೊಂಡರು. ಹಜಾರದ ಕಡೆ ಹೋಗಲಿಲ್ಲ. ಮತ್ತೆ ಹಿತ್ತಲಿಗೆ ಹೋಗಿ, ನಲ್ಲಿಯ ಪಕ್ಕ ನೀರು ಚಿಮುಕಿಸಿ, ಊಟಕ್ಕೆ ಹಾಕಿಟ್ಟಿದ್ದ ಐತನ ಎಲೆಯ ಸಾಲಿಗೆ ಸರಿಯಾಗಿ ತಮ್ಮ ಎಲೆ ಹಾಕಿದರು. ಅನ್ನ ತಂದು ಎರಡೂ ಎಲೆಗೆ ಬಡಿಸಿದರು. ಕೂತರು.

ಐತ ಕೂರಲಿಲ್ಲ. “ಬೇಡ ಭಟ್ರೆ. ಧಣಿಗಳು ನೋಡ್ತಾರೆ,” ಎಂದ, ಬಹಳ ಮೆಲ್ಲಗೆ.

“ನೋಡ್ಲಿ. ಅನ್ನ ಆರ್ತದೆ. ಕೂತ್ಕೋ.”

ಐತ ಹೊಳ್ಳರನ್ನು ನೋಡಿದ. ಹೊಳ್ಳರು ಮೇಲೆ ನೋಡಿದರು. ಆಕಾಶ ಕಪ್ಪಗಾಗಿತ್ತು. ಏನೋ ಹೇಳಲೇಬೇಕು, ಯಜಮಾನರು. ಆದರೆ ಸ್ವಲ್ಪ ಹೊತ್ತಿನ ಹಿಂದೆ ಕೃಷ್ಣನ ಪಟಕ್ಕೆ ಮುಗಿದ ಕೈ ಇನ್ನೂ ಎದೆಯ ಮೇಲೇ ಇತ್ತು. ಕಡೆಗೆ ಅವರಿಗೆ ಸಿಕ್ಕಿದ್ದು ಇಷ್ಟೇ:

“ಮಳೆ ಬಂದ್ರೆ ಎಂತ ಮಾಡ್ತಿ ಮೂರ್ತಿ?”

“ಮಳೆ ಬಂದ್ರೆ ಇಬ್ರೂ ಒಳಗೆ ಬರ್ತೇವೆ,” ಎಂದರು ವಿಷ್ಣುಮೂರ್ತಿ, ಅನ್ನಕ್ಕೆ ಗುಂಡಿ ಮಾಡುತ್ತ.

ಆ ವರ್ಷ ಮದರಾಸಿಗೆ ಐಪ್ಪಸಿ ತಿಂಗಳ ಮಳೆ ಎಂಟು ದಿನ ಮುಂಚೆಯೇ ಬಂತು.